ಉಪ್ಪು, ಬೆಂಕಿಪೊಟ್ಟಣ, ದಾರ

ನಮ್ಮ ಶಾಲೆಯ ಹೊಲಿಗೆ ಮಿಸ್ ತೀರಿಕೊಂಡ ಸುದ್ದಿಯನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳು ಚಿಂತಾಮಣಿಯ ತರಕಾರಿ ಅಂಗಡಿಯ ಮುಂದೆ ನನಗೆ ಹೇಳಿದಳು. ಮೂರು ದಿನ ಜ್ವರವಂತೆ, ನಾಲ್ಕನೆಯ ದಿನ ಇಲ್ಲವಂತೆ. ನಾನು "ಅಯ್ಯೋ ಪಾಪ" ಎಂದೆ, ಕೈಯಲ್ಲಿದ್ದ ಬದನೆಕಾಯಿಯನ್ನು ತಕ್ಕಡಿಗೆ ಹಾಕಿದೆ. ಆಗ ನನ್ನ ತಲೆಯಲ್ಲಿ ಹಾದುಹೋದ ಮೊದಲ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಸದ್ಯ, ಇನ್ನು ಅವರನ್ನು ನೆನೆದು ಹೊಟ್ಟೆ ಉರಿದುಕೊಳ್ಳುವುದು ತಪ್ಪಿತು ಎಂದುಕೊಂಡೆ. ಹೆಚ್ಚುಕಡಿಮೆ ಹದಿನೈದು ವರ್ಷ ಉರಿದುಕೊಂಡಿದ್ದೆ. ಮನೆಗೆ ಬಂದು ಬದನೆಕಾಯಿ ಹೆಚ್ಚುವಾಗ ಮಾತ್ರ ಕಣ್ಣಲ್ಲಿ ನೀರು ಬಂತು, ಅದೂ ಯಾಕೆಂದು ನನಗೆ ಸರಿಯಾಗಿ ತಿಳಿಯಲಿಲ್ಲ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕದ ಕುರ್ಚಿ ನನ್ನದು. ಹೊಲಿಗೆ ಮಿಸ್‌ಗೆ ಕುರ್ಚಿಯೇ ಇರಲಿಲ್ಲ. ಮ್ಯಾಪುಗಳನ್ನು ಸುತ್ತಿಡುವ ಬೀರುವಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಹೆಡ್ ಮಿಸ್ ಅವರ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟುಬಿಡುತ್ತಿದ್ದರು. ಹೊಲಿಗೆ ಮಿಸ್ ಒಂದು ಮಾತೂ ಆಡುತ್ತಿರಲಿಲ್ಲ. ಆಡುವುದಾದರೂ ಹೇಗೆ, ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ ಇರುತ್ತಿದ್ದವು. ಏನು ಕೇಳಿದರೂ "ಹೂಂ", "ಊಹೂಂ". ಸೆರಗಿನ ಅಂಚಿನಲ್ಲಿ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿರುತ್ತಿದ್ದರು, ಯಾವ ಹುಡುಗಿಯ ಹುಕ್ಕು ಎಲ್ಲಿ ಕಿತ್ತರೂ ನಿಂತಲ್ಲೇ ಹಾಕಿಬಿಡುತ್ತಿದ್ದರು. ಹುಡುಗಿಯರಿಗೆ ಅವರು ಹೇಳುತ್ತಿದ್ದ ಒಂದೇ ಮಾತು, "ಬಿಚ್ಚು, ಮತ್ತೆ ಹೊಲಿ". ಬೈಗುಳವಿಲ್ಲ, ಸಿಟ್ಟಿಲ್ಲ. ಸೊಟ್ಟಗೆ ಬಂದ ಹೊಲಿಗೆಯ ಮೇಲೆ ಬೆರಳಿಟ್ಟು ಅಷ್ಟು ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಅವರ ಬೆರಳ ತುದಿಗಳು ಬೆಳ್ಳಗೆ, ಸುಕ್ಕುಗಟ್ಟಿದ ಹಾಗೆ ಇದ್ದವು. ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ. ಏಳನೆಯ ವಯಸ್ಸಿನಿಂದ ಕುದಿಯುವ ನೀರಿನಲ್ಲಿ ಗೂಡು ತಿರುವಿ ಎಳೆ ಹುಡುಕಿದ ಕೈ ಅದು. ಬೆಂದ ಗೂಡಿನ ವಾಸನೆಯ ಬಗ್ಗೆ ಒಮ್ಮೆ ಮಾತ್ರ ಹೇಳಿದ್ದರು: "ಮೇಡಂ, ಎಷ್ಟು ತೊಳೆದ್ರೂ ಊಟದ ತಟ್ಟೇಲೂ ಅದೇ ವಾಸ್ನೆ ಬರೋದು. ಒಂದಿನ ಆದ್ರೂ ನಾನು ಬಿತ್ತಿದ್ದನ್ನ ನಾನೇ ಕಿತ್ಕೊಂಡು ತಿನ್ಬೇಕು ಅನ್ಸೋದು." ನಾನು ಆಗ ಕಾಂಪೋಸಿಷನ್ ತಿದ್ದುತ್ತಿದ್ದೆ. ಹೌದಾ ಎಂದು ತಲೆಯಾಡಿಸಿದೆ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳ್ಳಿಗೆ ಹೋಗಿಬಿಡಬೇಕು ಎಂಬುದು ನನ್ನ ಆಸೆ. ನನ್ನದು! ಇಡೀ ಸ್ಟಾಫ್ ರೂಮಿಗೆ ಅದು ಗೊತ್ತಿತ್ತು. ಎರಡು ಎಕರೆ, ಒಂದು ಬಾವಿ, ಒಂದು ಹಸು, ಮಣ್ಣಿನ ಗೋಡೆಯ ಮನೆ. ಅಂಗಡಿಯವನ ಹಂಗಿಲ್ಲ, ಹೆಡ್ ಮಿಸ್ ಗಂಟೆಯಿಲ್ಲ. ಊಟದ ಡಬ್ಬಿ ತೆರೆದಾಗಲೆಲ್ಲ ಈ ಮಾತು ತೆಗೆಯುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ ಅನ್ನಿ. ಹತ್ತನೆಯ ತರಗತಿಗೆ ಪ್ರತಿ ವರ್ಷ 'ಹಳ್ಳಿಯ ಜೀವನ' ಎಂದು ಪ್ರಬಂಧ ಬರೆಸುತ್ತಿದ್ದವಳು ನಾನು. ರಾಗಿ ತೆನೆ ಬಾಗಿದ್ದನ್ನು ನಾನು ವರ್ಣಿಸಿದರೆ ಇಂಗ್ಲಿಷ್ ಮಿಸ್ ಕೂಡ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಬೀರುವಿನ ಪಕ್ಕದಲ್ಲಿ ಹೊಲಿಗೆ ಮಿಸ್ ತಲೆ ತಗ್ಗಿಸಿ ಹೆಮ್ಮಿಂಗ್ ಮಾಡುತ್ತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಒಂದು ದಿನ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೇಳಿದರು:

"ಮೇಡಂ, ನೀವು ಯಾವಾಗ ಹೋಗ್ತೀರಿ?"

"ಎಲ್ಲಿಗ್ರೀ?"

"ಹಳ್ಳಿಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಮಕ್ಕಳ ಓದು ಮುಗೀಲಿ, ಅತ್ತೆಯವರದ್ದೂ ನೋಡ್ಬೇಕು. ಯಾಕೆ, ನೀವೂ ಬರ್ತೀರಾ?"

"ನಾನು ಮುಂಚೆ ಹೋಗಿ ಬಾವಿ ನೋಡಿಟ್ಟಿರ್ತೀನಿ" ಎಂದು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಬೇಸಿಗೆ ರಜೆ ಕಳೆದು ಶಾಲೆ ಶುರುವಾದಾಗ ಅವರ ರಾಜೀನಾಮೆ ಹೆಡ್ ಮಿಸ್ ಮೇಜಿನ ಮೇಲಿತ್ತು. ತಂದೆಯ ಕಡೆಯಿಂದ ಬಂದ ಪಾಲನ್ನು ಬಿಡಿಸಿಕೊಂಡು ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ ಎರಡು ಎಕರೆ ತೆಗೆದುಕೊಂಡಿದ್ದರು. ಎರಡು ಎಕರೆ, ಒಂದು ಬಾವಿ. ನಲವತ್ತು ವರ್ಷದ, ಮದುವೆಯಾಗದ ಹೆಂಗಸು, ಒಂಟಿ. ಎಂಬತ್ತರ ದಶಕದ ಆರಂಭದ ಮಾತು ಇದು. ಸರ್ಕಾರಿ ಕೆಲಸ ಸಿಕ್ಕರೆ ದೇವರಿಗೆ ಹರಕೆ ತೀರಿಸುವ ಕಾಲದಲ್ಲಿ ಅದನ್ನು ಬಿಟ್ಟು ಹೋದವರನ್ನು ನಾವು ಯಾರೂ ನೋಡಿರಲಿಲ್ಲ.

ಬೀಳ್ಕೊಡುಗೆಯ ದಿನ ಭಾಷಣ ಮಾಡಿದವಳು ನಾನೇ. ಕನ್ನಡದ ಮೇಡಂ ಅಲ್ಲವೇ, ಹುಟ್ಟಿಗೂ ಸಾವಿಗೂ ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಧೈರ್ಯ, ಸ್ವಾವಲಂಬನೆ, ಮಣ್ಣಿನ ಋಣ ಎಂದು ಇಪ್ಪತ್ತು ನಿಮಿಷ ಹೇಳಿದೆ. ಒಳಗೆ ಕುದಿಯುತ್ತಿದ್ದೆ. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು, ಆಮೇಲೆ ಅಳುತ್ತಾ ವಾಪಸ್ಸು ಬರುತ್ತಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ನಾವು ಒಂದು ಗೋಡೆ ಗಡಿಯಾರ ಕೊಟ್ಟೆವು. ಅವರು ಅದನ್ನು ಅಲ್ಲೇ ಆಯಾ ಕೈಗೆ ಕೊಟ್ಟು, "ನಿನಗೆ ಬೇಕಾಗುತ್ತೆ ಕಣಮ್ಮ, ಗಂಟೆ ಹೊಡೆಯೋಳು ನೀನು" ಎಂದರು. ಆಮೇಲೆ ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಎಡ ಭುಜ ಅರ್ಧ ಇಂಚು ಇಳಿದಿದೆ. ಪುಸ್ತಕದ ಚೀಲ ಬಲಗಡೆ ಹಾಕ್ಕೊಳ್ಳಿ" ಎಂದರು. ಹೊರಡುವಾಗ ಹೇಳಿದ್ದು ಅಷ್ಟೇ.

ಮೂರು ತಿಂಗಳಾಯಿತು, ಆರು ತಿಂಗಳಾಯಿತು, ಅವರು ಬರಲಿಲ್ಲ. ಸಂಕ್ರಾಂತಿಗೆ ಒಂದು ಮೂಟೆ ಅವರೆಕಾಯಿ ಬಂತು, ಸ್ಟಾಫ್ ರೂಮಿನ ಹೆಸರಿಗೆ. ಸೊಗಡು ಎಂದರೆ ಅದು. ಮನೆಯಲ್ಲಿ ಹಿತಕಿದ ಬೇಳೆಯ ಸಾರು ಉಂಡ ನಮ್ಮ ಯಜಮಾನರು ಕೈ ನೆಕ್ಕುತ್ತಾ, "ನೋಡು, ಮಾಡಿದ್ರೆ ಹಂಗ್ ಮಾಡ್ಬೇಕು" ಎಂದರು. ಆ ಮಾತು ನನಗೆ ನಾಟಿತು. ಮರುದಿನವೇ ತಾರಸಿಯ ಮೇಲೆ ಹಳೆಯ ಬಕೆಟ್ಟುಗಳಲ್ಲಿ ಟೊಮ್ಯಾಟೊ ಹಾಕಿದೆ. ಕಾಯಿ ಬಿಡುವ ಹೊತ್ತಿಗೆ ಕೋತಿಗಳು ಗಿಡದ ಸಮೇತ ಕಿತ್ತುಹಾಕಿದವು.

ಮೊದಲ ಸಲ ನೋಡಲು ಹೋದದ್ದು ಆ ಬೇಸಿಗೆಯಲ್ಲಿ. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ನಿಜ ಹೇಳುತ್ತೇನೆ, ಏನಾದರೂ ಕೆಟ್ಟಿದ್ದರೆ ನೋಡೋಣ ಎಂದೇ ಹೋದೆ. ಅವರ ಮನೆಗೆ ಒಂದು ಪದ್ಧತಿ ಇತ್ತು: ಯಾರೇ ಬಂದರೂ ಮೊದಲು ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ ತಂದು ಇಡಬೇಕು, ಆಮೇಲೆ ಕೂರುವುದು. ಒಮ್ಮೆ ನಮ್ಮ ಹೆಡ್ ಮಿಸ್ ರೇಷ್ಮೆ ಸೀರೆ ಉಟ್ಟುಕೊಂಡು ಹೋದವರು, ಅವರ ಕೈಗೂ ಹಗ್ಗ ಕೊಟ್ಟಿದ್ದರಂತೆ. ನಾನು ಸೇದಿದೆ. ಅಂಗೈ ಉರಿಯಿತು. ನೀರು ಮಾತ್ರ ಎಳನೀರಿನ ಹಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಮೈ ಕಪ್ಪಾಗಿತ್ತು, ಹಿಮ್ಮಡಿ ಒಡೆದಿತ್ತು. ಆದರೆ ಸ್ಟೂಲಿನ ಮೇಲೆ ಮುದುರಿ ಕೂರುತ್ತಿದ್ದ ಆ ಬೆನ್ನು ಎಲ್ಲಿ ಹೋಯಿತೋ! ಹೊಲ ತೋರಿಸುತ್ತಾ ನಡೆದರು. ಸುತ್ತ ಎಲ್ಲರ ಹೊಲದಲ್ಲೂ ಹಿಪ್ಪುನೇರಳೆ, ಇವರ ಹೊಲದಲ್ಲಿ ಒಂದು ಕಡ್ಡಿಯೂ ಇಲ್ಲ. "ರೇಷ್ಮೆ ಸಹವಾಸ ಸಾಕು ಮೇಡಂ" ಎಂದರು. ಮುಂಗಾರಿನಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು, ಜೋಳ. ಎಣ್ಣೆ, ಬೇಳೆ, ಒಗ್ಗರಣೆ ಎಲ್ಲ ಅಲ್ಲೇ ಬೆಳೆಯುತ್ತದೆ ಎಂದರು. ಮೊದಲು ಬಿತ್ತುವಾಗ ಅವರು ಗೂಟ ನೆಟ್ಟು, ದಾರ ಕಟ್ಟಿ, ನೇರ ಗೆರೆ ನೋಡಿಕೊಂಡು ಬಿತ್ತಿದ್ದರಂತೆ. ಊರಿಗೆ ಊರೇ ಬದುವಿನ ಮೇಲೆ ನಿಂತು ನಕ್ಕಿತಂತೆ. "ನಗಲಿ ಬಿಡಿ, ನಕ್ಕೋರೇ ಆಮೇಲೆ ಕೂರಿಗೆ ಹಿಡಿದು ಬಿತ್ತೋದು ಹೇಳ್ಕೊಟ್ರು."

ಅವರ ಬದುಕಿನ ಗುಟ್ಟು ಇದ್ದದ್ದು ಹೊಂಗೆ ಮರದ ಕೆಳಗೆ. ಅಲ್ಲಿ ಹೊಲಿಗೆ ಮಿಷನ್ ಇತ್ತು. ಆ ಕಡೆ ಮುಯ್ಯಾಳು ಎಂಬ ರೂಢಿ ಇದೆಯಲ್ಲ, ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ಕೂಲಿಯ ಮಾತಿಲ್ಲ. ಹೊಲಿಗೆ ಮಿಸ್ ಅದರೊಳಗೆ ತಮ್ಮ ಮಿಷನ್ನನ್ನು ಸೇರಿಸಿಬಿಟ್ಟಿದ್ದರು. ಒಂದು ರವಿಕೆ ಹೊಲಿದರೆ ಅರ್ಧ ದಿನದ ಕಳೆ. ಮಗುವಿನ ಲಂಗಕ್ಕೆ ಎರಡು ಮಂಕರಿ ಗೊಬ್ಬರ. ಪಕ್ಕದ ಹೊಲದ ನಾರಾಯಣಮ್ಮ ಎಂಬಾಕೆಯ ಮನೆಯ ಅಷ್ಟೂ ಬಟ್ಟೆಗೆ ಬೇಸಾಯದ ಎತ್ತು. ಬೆಲ್ಲವೂ ಹಾಗೇ ಬರುತ್ತಿತ್ತು, ಮಡಕೆಯೂ ಹಾಗೇ. "ಅಂಗಡಿಯಿಂದ ಮೂರೇ ಸಾಮಾನು ಮೇಡಂ. ಉಪ್ಪು, ಬೆಂಕಿಪೊಟ್ಟಣ, ದಾರ. ನಾಲ್ಕನೇದು ತರಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದೀನಿ." ದೀಪಕ್ಕೂ ಹರಳೆಣ್ಣೆ.

ನಾನು ಇಲ್ಲಿಗೆ ಬಂದರೆ ಮುಯ್ಯಿಗೆ ಏನು ಕೊಡಲಿ? ರಾಗಿ ತೆನೆಯ ವರ್ಣನೆಯೇ? ಅವರಿಗೆ ನನ್ನ ಮುಖ ಓದಲು ಬಂತೋ ಏನೋ, "ನೀವು ಬಂದ್ರೆ ಕಾಗದ ಪತ್ರ ಬರೆದುಕೊಡಬಹುದು ಮೇಡಂ, ಇಲ್ಲಿ ಯಾರಿಗೂ ಬರಲ್ಲ. ಆ ಮೂಲೇಲಿ ಮನೆಗೆ ಜಾಗ ಇದೆ" ಎಂದರು. ಮುಂದಿನ ವರ್ಷ ನೋಡೋಣ ಎಂದೆ. ಅವರು ನಂಬಿದರು. ಅದು ಇನ್ನೂ ಸಂಕಟ.

ನಾಲ್ಕು ಗಂಟೆಗೆ ನನಗೆ ಕಾಫಿ ಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ. ಅವರು ಹುರಿದ ರಾಗಿ ಪುಡಿಗೆ ಬೆಲ್ಲ ಹಾಕಿ ಕುದಿಸಿ ತಂದಿಟ್ಟರು. ಎರಡು ಗುಟುಕು ಕುಡಿದೆ. ಹಣೆ ಒತ್ತಿಕೊಳ್ಳುತ್ತಾ, "ಇದೇನ್ರೀ ಇದು, ಕಾಫಿ ಇಲ್ದೆ ಹೆಂಗ್ ಬದುಕ್ತೀರಿ? ನನ್ನ ಕೈಲಾಗಲ್ಲಪ್ಪ" ಎಂದು ಸಿಡುಕಿ, ಒಂದು ಬಸ್ಸು ಮುಂಚೆಯೇ ಹೊರಟುಬಂದೆ. ಬರುವಾಗ ಒಂದು ಕರಿಬೇವಿನ ಸಸಿ ಕೊಟ್ಟರು. ಅದು ತಿಂಗಳೊಳಗೆ ಒಣಗಿತು. ಯಾರಾದರೂ ಆ ಕಡೆಯಿಂದ ಬಂದವರು "ಸಸಿ ಹೇಗಿದೆ ಅಂತ ಮಿಸ್ ಕೇಳಿದ್ರು" ಎಂದರೆ ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಿದ್ದೆ.

ಅಂದಿನಿಂದ ನನಗೆ ಒಂದೇ ಚಿಂತೆ ಹಿಡಿಯಿತು: ನಾಲ್ಕನೆಯ ಸಾಮಾನು. ಇದ್ದೇ ಇರಬೇಕು. ಮೂರೇ ಸಾಮಾನಿನಲ್ಲಿ ಯಾರು ಬದುಕುತ್ತಾರೆ! ಅದು ಸಿಕ್ಕಿಬಿಟ್ಟರೆ ಅವರೂ ನನ್ನ ಹಾಗೆಯೇ ಬಾಯಿಮಾತಿನವರು ಎಂದಾಗುತ್ತದೆ, ನಾನು ಹೋಗದೆ ಉಳಿದದ್ದೂ ಸರಿಯೆಂದಾಗುತ್ತದೆ. ಇಷ್ಟು ಸಣ್ಣ ಬುದ್ಧಿ ನನ್ನದು.

ಮುಂದಿನ ವರ್ಷ ಮತ್ತೆ ಹೋದೆ. ಒಂದು ಬಿಂದಿಗೆ ನೀರು ಸೇದಿದೆ, ಕೂತೆ. ಹಸು ಬದುವಿನ ಕಡೆ ನುಗ್ಗಿತೆಂದು ಅವರು ಎದ್ದು ಓಡಿದರು. ನಾನು ಮನೆಯೊಳಗೆ ಹೊಕ್ಕೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಹುಡುಕಿದೆ. ರಾಗಿಯ ಗುಡಾಣದ ಮುಚ್ಚಳ ತೆಗೆದೆ, ಸೌದೆಯ ಸಂದಿ ನೋಡಿದೆ. ಗೋಡೆಯ ಗೂಡಿನಲ್ಲಿ ಹುರುಳಿಯ ಮಡಕೆಯ ಹಿಂದೆ ಕೈಗೆ ತಗುಲಿತು: ಒಂದು ಸಣ್ಣ ತಗಡಿನ ಡಬ್ಬ. ಮುಚ್ಚಳ ತೆಗೆಯುವ ಮುಂಚೆಯೇ ಮೂಗಿಗೆ ಗೊತ್ತಾಯಿತು. ಕಾಫಿಪುಡಿ. ಚಿಕೋರಿ ಬೆರೆಸಿದ, ಚಿಂತಾಮಣಿ ಪೇಟೆಯ ಒಳ್ಳೆಯ ಕಾಫಿಪುಡಿ! ಪರೀಕ್ಷೆಯಲ್ಲಿ ಚೀಟಿ ಹಿಡಿದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಡಬ್ಬವನ್ನು ಇದ್ದ ಹಾಗೇ ಇಟ್ಟು, ಜಗಲಿಗೆ ಬಂದು, ಸೆರಗು ಹೊದ್ದು ಕೂತೆ.

ಅವರು ಏದುಸಿರು ಬಿಡುತ್ತಾ ಬಂದರು, ಕೈ ತೊಳೆದುಕೊಂಡರು. "ಮೇಡಂ, ಹೊತ್ತಾಯ್ತು, ನಿಮಗೆ ಕಾಫಿ..." ಎಂದು ಶುರುಮಾಡಿದರು.

ನಾನು ಅವರನ್ನು ಮುಗಿಸಲು ಬಿಡಲಿಲ್ಲ. "ನಾನು ಕಾಫಿ ಬಿಟ್ಟೆ ಕಣ್ರೀ. ನಿಮ್ಮನ್ನ ನೋಡಿ ಕಲಿತದ್ದು. ರಾಗೀದೇ ಕೊಡಿ, ಸಾಕು" ಎಂದೆ. ಹಾಗೆನ್ನುತ್ತಾ ಅವರ ಮುಖವನ್ನೇ ನೋಡಿದೆ. ಮುಖ ಸಣ್ಣಗಾಯಿತು. ಒಂದು ಗಳಿಗೆ ಗೂಡಿನ ಕಡೆ ನೋಡಿದರು, ಆಮೇಲೆ ಒಲೆಯ ಕಡೆ ತಿರುಗಿಕೊಂಡರು. ಸಿಕ್ಕಿಬಿದ್ದಳು ಕಳ್ಳಿ ಎಂದುಕೊಂಡೆ. ಆ ರಾಗಿ ಕಷಾಯವನ್ನು ಕೊನೆಯ ಹನಿಯವರೆಗೂ ಕುಡಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಹೇಳಿದ ಕಥೆಯನ್ನು ಕೇಳಬೇಕಿತ್ತು ನೀವು. ಉಪ್ಪು, ಬೆಂಕಿಪೊಟ್ಟಣ, ದಾರ ಎಂದು ಒಂದೊಂದು ಬೆರಳು ಮಡಿಸುತ್ತಾ ಹೋಗಿ ನಾಲ್ಕನೆಯ ಬೆರಳಿಗೆ ನಿಲ್ಲಿಸಿದೆ. ಬಿದ್ದು ಬಿದ್ದು ನಕ್ಕರು. "ಹುರುಳಿ ಹಿಂದೆ ಏನೈತೆ" ಎಂಬುದು ನಮ್ಮಲ್ಲಿ ಬಹಳ ದಿನ ತಮಾಷೆಯಾಗಿ ಉಳಿಯಿತು. ಆ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರು ಇದ್ದರು, ಆಯಾ ಇದ್ದಳು. ಕಥೆ ಎರಡು ಮೈಲಿ ನಡೆದುಹೋಗಲು ಎಷ್ಟು ಹೊತ್ತು?

ಆ ಸಂಕ್ರಾಂತಿಗೂ ಅವರೆಕಾಯಿ ಬಂತು. ಮೂಟೆಯ ಬಾಯಿಯಲ್ಲಿ ನನ್ನ ಹೆಸರಿನ ಒಂದು ಕಾಗದದ ಪೊಟ್ಟಣ. ಒಳಗೆ ಒಂದು ರವಿಕೆ, ಬದನೆ ಬಣ್ಣದ್ದು. ಅಳತೆ ಎಂದೂ ತೆಗೆದುಕೊಂಡಿರಲಿಲ್ಲ. ಎಡ ಭುಜ ಅರ್ಧ ಇಂಚು ಇಳಿಸಿ ಹೊಲಿದಿದ್ದರು, ಹಿಡಿದು ನೋಡಿದರೇ ತಿಳಿಯುತ್ತಿತ್ತು. ನಾನು ಅದನ್ನು ತೊಡಲಿಲ್ಲ. ಸರಿಯಾಗಿ ಕೂತುಬಿಟ್ಟರೆ ಎಂಬ ಭಯ. ಟ್ರಂಕಿನ ಅಡಿಗೆ ಹಾಕಿದೆ, ಮತ್ತೆ ಆ ಕಡೆ ಹೋಗಲೂ ಇಲ್ಲ. ಹೋಗದಿರಲು ಕಾರಣಗಳಿಗೆ ಬರವೇ? ಮಗಳ ಬಾಣಂತನ, ಅತ್ತೆಯ ಸೊಂಟ, ಪೇಪರ್ ವ್ಯಾಲ್ಯುಯೇಷನ್. ಅವರೆಕಾಯಿ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ಸುದ್ದಿ ಕೇಳಿದ ಎಂಟನೆಯ ದಿನ ಹೋದೆ. ದಾರಿಯಲ್ಲೆಲ್ಲ ಬೋರ್‌ವೆಲ್ ಕೊಳವೆಗಳು ಬಂದಿದ್ದವು. ಹೊಂಗೆ ಮರದ ಕೆಳಗೆ ಮಿಷನ್ನಿಗೆ ಗೋಣಿಚೀಲ ಹೊದಿಸಿತ್ತು. ನಾರಾಯಣಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ದಿಟ್ಟಿಸಿ ನೋಡಿ, "ಬಾಗುನ್ನಾರಾ ಅಮ್ಮಾ, ಚೆನ್ನಾಗಿದೀರಾ? ಕನ್ನಡದ ಮೇಡಮ್ಮೋರು ಅಲ್ವಾ?" ಎಂದಳು. ಹೌದೆಂದೆ. ಬಾವಿಯ ಹಗ್ಗ ತೋರಿಸಿದಳು. ಮೂರು ಮಾರು ಆಳಕ್ಕೆ ಇಳಿದುಹೋಗಿತ್ತು ನೀರು, ಆದರೂ ಇತ್ತು. ಸೇದಿ ತಂದಿಟ್ಟೆ.

"ಕೂತ್ಕಳಿ. ನಾಲ್ಕಾಯ್ತಲ್ಲ, ನಿಮಗೆ ತಲೆ ನೋಯುತ್ತೆ" ಎಂದು ಒಳಗೆ ಹೋದಳು. ಹುರುಳಿಯ ಮಡಕೆ ಸರಿಸುವ ಸದ್ದು ಕೇಳಿಸಿತು. ಆಮೇಲೆ ಆ ವಾಸನೆ ಬಂತು.

"ಇದು ಯಾರದಮ್ಮ?" ಎಂದೆ.

"ಯಾರ್ದು ಅಂದ್ರೆ? ನಿಮ್ದೇ ಡಬ್ಬ. ಮಿಸ್ಸಮ್ಮ ಒಂದಿನಾನೂ ಕುಡೀಲಿಲ್ಲ. ನೀವು ಮೊದಲ್ನೇ ಸಲ ಬಂದು ತಲೆನೋವು ಅಂತ ಹೊಂಟೋದ್ರಲ್ಲ, ಅವತ್ತಿಂದ ಇಟ್ಟವ್ರೆ. ಅಂಗಡಿಯಿಂದ ಕೊಳ್ಳೋ ಹಂಗಿಲ್ಲ ನೋಡಿ ಅವರು, ಪುಡಿ ಅಂಗಡಿಯವ್ನ ಹೆಂಡ್ತಿಗೆ ರವಿಕೆ ಹೊಲಿದುಕೊಟ್ಟು ತರೋರು. ಸಂಕ್ರಾಂತಿ ಸಂಕ್ರಾಂತಿಗೆ ಹೊಸಾದು. ಹಳೇದು ನನಗೆ ಕೊಡೋರು, ನಾನು ಕುಡ್ಕೊಂಡು ಕುಡ್ಕೊಂಡು ಚಟ ಆಗೋಯ್ತು."

"ನಾನು ಕಾಫಿ ಬಿಟ್ಟೆ ಅಂದಿದ್ದೆನಲ್ಲ..."

"ಅಂದಿದ್ರಂತೆ. ನಾನೂ ಕೇಳ್ದೆ, ಯಾಕಮ್ಮ ಇನ್ನೂ ತರ್ತೀರಿ ಅಂತ. ಅಷ್ಟು ವರ್ಷದ ಅಭ್ಯಾಸ ಕಣೇ, ಮತ್ತೆ ಶುರುವಾಗಿರುತ್ತೆ, ಬಂದಾಗ ಇಲ್ಲ ಅಂದ್ರೆ ಚೆನ್ನಾಗಿರಲ್ಲ ಅಂದ್ರು."

ಕೇಳಬಾರದಿತ್ತು, ಕೇಳಿದೆ. "ಪೇಟೇಲಿ ಏನೋ ಮಾತು ಆಡ್ಕೊಂಡ್ರು ಅಂತ ಅವರಿಗೆ..."

ನಾರಾಯಣಮ್ಮ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು, ತಲೆಯೆತ್ತಲಿಲ್ಲ. "ನನ್ನ ಮಗಳೇ ಸ್ಕೂಲಿಂದ ಬಂದು ಹೇಳಿದ್ಲು. ನಾನು ಬೈದೆ ನಿಮ್ಮನ್ನ, ಯಾಕೆ ಸುಳ್ಳು ಹೇಳ್ಲಿ. ಮಿಸ್ಸಮ್ಮ ಬಾಯಲ್ಲಿ ಸೂಜಿ ಇಟ್ಕೊಂಡು ಏನೋ ಹೊಲೀತಾ ಇದ್ರು. ತೆಗೆದು, 'ಡಬ್ಬ ಇರೋದು ನಿಜ ತಾನೇ ನಾರಾಯಣಮ್ಮ' ಅಂದ್ರು. ಮತ್ತೆ ಇಟ್ಕೊಂಡ್ರು. ಹೊಲೀತಿದ್ದಿದ್ದು ಅದೇ, ಆ ಬದನೆ ಬಣ್ಣದ ರವಿಕೆ. ಕೂತಿತಾ ನಿಮಗೆ?"

ಕೂತಿತು ಎಂದೆ. ಅದೂ ಸುಳ್ಳು.

ಈ ವಿಷಯವನ್ನು ಸ್ಟಾಫ್ ರೂಮಿನಲ್ಲಿ ಹೇಳಬೇಕು. ಬೆರಳು ಮಡಿಸಿ ಹೇಳಿದ್ದನ್ನು ಬೆರಳು ಬಿಚ್ಚಿ ಹೇಳಬೇಕು. ಆದರೆ ಅವತ್ತು ನಕ್ಕವರಲ್ಲಿ ಒಬ್ಬರೂ ಈಗ ಅಲ್ಲಿಲ್ಲ, ಕೆಲವರಿಗೆ ವರ್ಗವಾಯಿತು, ಕೆಲವರು ನಿವೃತ್ತರಾದರು, ಇಂಗ್ಲಿಷ್ ಮಿಸ್ ತೀರಿಕೊಂಡರು. ನನ್ನ ಕುರ್ಚಿಯಲ್ಲಿ ಯಾರೋ ಹೊಸ ಹುಡುಗಿ ಕೂರುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವರ ಮನೆಯಲ್ಲಿ ನಾಲ್ಕನೆಯ ಸಾಮಾನು ಇರಲಿಲ್ಲ. ಇದ್ದ ಡಬ್ಬ ನನ್ನದು.

ಊರಿಗೆ ಬಂದ ಮೇಲೆ ಟ್ರಂಕು ತೆಗೆದು ಆ ರವಿಕೆ ತೊಟ್ಟು ನೋಡಿದೆ. ಈ ವರ್ಷಗಳಲ್ಲಿ ನಾನು ದಪ್ಪಗಾಗಿದ್ದೇನೆ, ಎದೆಯ ಹತ್ತಿರ ಹುಕ್ಕು ಸೇರಲಿಲ್ಲ. ಭುಜ ಮಾತ್ರ ಸರಿಯಾಗಿ ಕೂತಿತು. ಇಷ್ಟಾದರೂ ಹೊಟ್ಟೆಕಿಚ್ಚು ಹೋಯಿತೆಂದು ಹೇಳಲಾರೆ. ಮೊದಲು ಅವರ ಹೊಲ, ಬಾವಿ ನೋಡಿ ಉರಿಯುತ್ತಿತ್ತು, ಈಗ ಅವರ ಮನಸ್ಸು ನೆನೆದು ಉರಿಯುತ್ತದೆ, ಅಷ್ಟೇ ವ್ಯತ್ಯಾಸ.

ಕಾಫಿ ಬಿಟ್ಟೆ ಎಂದು ಸುಳ್ಳು ಹೇಳಿದ ಅದೇ ಜಗಲಿಯ ಮೇಲೆ ಆ ಸಂಜೆ ನಾರಾಯಣಮ್ಮ ಕೊಟ್ಟದ್ದನ್ನು ಎರಡು ಲೋಟ ಕುಡಿದಿದ್ದೆ. ತಲೆನೋವು ಹೋಗಲಿಲ್ಲ.